ಸೋತ ತಂಡ ಸಾಯಬೇಕಿಲ್ಲ

2017ರ ಏಪ್ರಿಲ್ ಕೊನೆಯಲ್ಲಿ ಐ-ಲೀಗ್ ಫುಟ್‌ಬಾಲ್ ಮುಗಿದಾಗ ಅಂಕಪಟ್ಟಿಯ ತುದಿಯಲ್ಲಿದ್ದುದು ಮಿಜೋರಂನ ಐಜ್ವಾಲ್ ಎಫ್‌ಸಿ, ತಳದಲ್ಲಿದ್ದುದು ಮುಂಬಯಿ ಎಫ್‌ಸಿ. ಗೆದ್ದ ತಂಡದ ಕೋಚ್ ಖಾಲಿದ್ ಜಮೀಲ್. ಅದಕ್ಕೂ ಹಿಂದಿನ ಏಳು ವರ್ಷ ಅವರು ಇದೇ ಮುಂಬಯಿ ಎಫ್‌ಸಿಯನ್ನು ನಡೆಸಿದ್ದವರು. ಕಡಿಮೆ ಹಣದ ಆ ತಂಡ ಅವರ ಕೈಯಲ್ಲಿದ್ದಷ್ಟು ಕಾಲ ಎಂದೂ ದೊಡ್ಡ ಪ್ರಶಸ್ತಿ ಗೆಲ್ಲಲಿಲ್ಲ, ಆದರೆ ಒಮ್ಮೆಯೂ ಕೆಳಗಿನ ಡಿವಿಷನ್ನಿಗೆ ಬೀಳಲಿಲ್ಲ. 2016ರಲ್ಲಿ ಅವರು ಹೊರಟರು. ಮರುವರ್ಷವೇ ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ಕೆಳಗಿಳಿದು ಆಡಿ ಮತ್ತೆ ಮೇಲೇರುವ ದಾರಿ ಇತ್ತು. ಮಾಲೀಕರಾಗಿದ್ದ ಎಸ್ಸೆಲ್ ಸಮೂಹ ಆ ದಾರಿ ಹಿಡಿಯದೆ ತಂಡವನ್ನೇ ಮುಚ್ಚಿತು. 2007ರಲ್ಲಿ ಹುಟ್ಟಿದ ಮುಂಬಯಿ ಎಫ್‌ಸಿಯ ಆಯಸ್ಸು ಹತ್ತೇ ವರ್ಷ.

ಐಜ್ವಾಲ್ ಕೂಡ ಅದರ ಹಿಂದಿನ ಋತುವಿನಲ್ಲಿ ಸೋತು ಕೆಳಗಿಳಿದ ತಂಡವೇ. ಗೋವಾದ ಕೆಲವು ಕ್ಲಬ್‌ಗಳು ಲೀಗ್ ತೊರೆದದ್ದರಿಂದ ಅದಕ್ಕೆ ಮತ್ತೆ ಅವಕಾಶ ಸಿಕ್ಕಿತು. ಇದರಲ್ಲಿ ಅದೃಷ್ಟದ ಪಾಲು ದೊಡ್ಡದು. ಆದರೂ ಒಂದು ಮಾತನ್ನು ಗಮನಿಸಬೇಕು. ಅವಕಾಶ ಬಂದಾಗ ಆಡಲು ಅಲ್ಲೊಂದು ತಂಡ ಉಳಿದಿತ್ತು. ಸೋತ ಮೇಲೂ ಊರು ಅದನ್ನು ಬಿಟ್ಟಿರಲಿಲ್ಲ. ಒಂದೇ ಲೀಗ್, ಒಬ್ಬನೇ ಕೋಚ್, ಎರಡೂ ಕಡೆ ಸೋಲು. ಒಂದು ತಂಡ ಚಾಂಪಿಯನ್ ಆಯಿತು, ಇನ್ನೊಂದು ಇಲ್ಲವಾಯಿತು. ಹಾಗಿದ್ದರೆ ವೃತ್ತಿಪರ ತಂಡವೊಂದನ್ನು ಕೊಲ್ಲುವುದು ಯಾವುದು?

ಸೋಲು ಎನ್ನುವುದು ನಮಗೆ ಥಟ್ಟನೆ ಹೊಳೆಯುವ ಉತ್ತರ. ಅದು ತಪ್ಪು ಎಂದು ತೋರಿಸಲು ಮುಂಬಯಿಯದೇ ಇನ್ನೊಂದು ತಂಡ ಸಾಕು. 1962ರಲ್ಲಿ ಆರಂಭವಾದ ಮಹೀಂದ್ರಾ ತಂಡ ಮುಂದೆ ಮಹೀಂದ್ರಾ ಯುನೈಟೆಡ್ ಆಗಿ 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿತು. ಫೆಡರೇಷನ್ ಕಪ್, ಡ್ಯುರಾಂಡ್ ಕಪ್ ಎರಡನ್ನೂ ಒಂದಕ್ಕಿಂತ ಹೆಚ್ಚು ಬಾರಿ ತಂದಿತು. ದೇಶದ ಅಗ್ರ ತಂಡಗಳಲ್ಲಿ ಒಂದಾಗಿದ್ದಾಗಲೇ, 2010ರಲ್ಲಿ, ಕಂಪನಿ ಅದನ್ನು ವಿಸರ್ಜಿಸಿತು. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ ಮರುವರ್ಷ ಅದೇ ಹಾದಿ ಹಿಡಿಯಿತು. ನಮ್ಮ ಬೆಂಗಳೂರು ಎಫ್‌ಸಿಯ ಕಥೆ ಇನ್ನೂ ಹತ್ತಿರದ್ದು. 2013ರಲ್ಲಿ ಹುಟ್ಟಿ, ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದ ತಂಡ ಅದು. ಮುಂದೆ ಅದು ಸೇರಿದ ಇಂಡಿಯನ್ ಸೂಪರ್ ಲೀಗಿನ ಭವಿಷ್ಯವೇ ಡೋಲಾಯಮಾನವಾದಾಗ, 2025ರ ಆಗಸ್ಟ್‌ನಲ್ಲಿ, ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಗೆಲುವು ತಂಡವನ್ನು ಕಾಯುವುದಿಲ್ಲ, ಸೋಲು ತಂಡವನ್ನು ಕೊಲ್ಲುವುದೂ ಇಲ್ಲ. ಮುಚ್ಚುವ ಹಕ್ಕು ಯಾರ ಕೈಯಲ್ಲಿದೆ ಎಂಬುದೇ ತಂಡದ ಆಯಸ್ಸನ್ನು ನಿರ್ಧರಿಸುತ್ತದೆ.

ಮುಂಬಯಿ-ಪುಣೆಯ ನಡುವಿನ ನೂರೈವತ್ತು ಕಿಲೋಮೀಟರ್ ಪಟ್ಟಿಯಲ್ಲಿ ಹೀಗೆ ಕಣ್ಮರೆಯಾದ ತಂಡಗಳ ಸಾಲೇ ಇದೆ. ಮುಂಬಯಿಯ ದೊಡ್ಸಾಲ್ ಎಫ್‌ಸಿ 2012ರಲ್ಲಿ ಹುಟ್ಟಿದ ವರ್ಷವೇ ಡ್ಯುರಾಂಡ್ ಕಪ್ ಫೈನಲ್ ಆಡಿತು. ಬಳಿಕ ಮುಂಬಯಿ ಟೈಗರ್ಸ್ ಎಂದು ಹೆಸರು ಬದಲಿಸಿಕೊಂಡಿತು, ಐ-ಲೀಗ್ ಆಡದೆಯೇ ಮರೆಯಾಯಿತು. ಕಲ್ಯಾಣಿ ಸಮೂಹ ಪುಣೆಯಲ್ಲಿ ಕಟ್ಟಿದ ಭಾರತ್ ಎಫ್‌ಸಿ ಆಡಿದ್ದು 2014-15ರ ಒಂದೇ ಐ-ಲೀಗ್. ಡಿಎಸ್‌ಕೆ ಶಿವಾಜಿಯನ್ಸ್ ಎರಡು ಐ-ಲೀಗ್ ಋತು ಉಳಿಯಿತು. ಎಫ್‌ಸಿ ಪುಣೆ ಸಿಟಿ ಐದು ವರ್ಷ ಆಡಿತು. 2019ರಲ್ಲಿ ಅದರ ಲೀಗ್ ಸ್ಥಾನ ಹೈದರಾಬಾದಿಗೆ ಹೋಯಿತು. ಈ ತಂಡಗಳ ಮಾಲೀಕರು ಬೇರೆ ಬೇರೆ, ತೊಂದರೆಗಳೂ ಬೇರೆ ಬೇರೆ. ಮುಚ್ಚುವ ನಿರ್ಧಾರದಲ್ಲಿ ಊರಿಗಾಗಲಿ ಆಟಗಾರನಿಗಾಗಲಿ ಬಾಯಿಲ್ಲದ ಸ್ಥಿತಿ ಮಾತ್ರ ಎಲ್ಲ ಕಡೆ ಒಂದೇ.

ಈ ಮುಂಬಯಿ-ಪುಣೆ ಪಟ್ಟಿಯ ನಡುವೆ ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಇವೆ. ಈ ಮೂರು ಮಹಾನಗರಪಾಲಿಕೆಗಳ ಜನಸಂಖ್ಯೆ 2011ರ ಗಣತಿಯಲ್ಲೇ ಸುಮಾರು 42 ಲಕ್ಷ. ಯುರೋಪಿನ ಕೆಲವು ದೇಶಗಳಲ್ಲೂ ಇಷ್ಟು ಜನರಿಲ್ಲ. ನವಿಮುಂಬಯಿಯ ನೆರೂಲ್‌ನಲ್ಲಿರುವ ಡಿ. ವೈ. ಪಾಟೀಲ್ ಕ್ರೀಡಾಂಗಣ ಕ್ರಿಕೆಟ್ಟಿಗಾಗಿ ಕಟ್ಟಿದ್ದಾದರೂ ಫುಟ್‌ಬಾಲನ್ನು ಧಾರಾಳವಾಗಿ ಕಂಡಿದೆ. ಇಂಡಿಯನ್ ಸೂಪರ್ ಲೀಗಿನ ಮೊದಲ ಫೈನಲ್ 2014ರ ಡಿಸೆಂಬರ್ 20ರಂದು ನಡೆದದ್ದು ಇಲ್ಲಿ. 2017ರ 17 ವರ್ಷದೊಳಗಿನವರ ವಿಶ್ವಕಪ್ಪಿನ ಪಂದ್ಯಗಳು, 2022ರ ಮಹಿಳಾ ಏಷ್ಯಾ ಕಪ್ ಫೈನಲ್, ಅದೇ ವರ್ಷ ಬಾಲಕಿಯರ ವಿಶ್ವಕಪ್ ಫೈನಲ್ ಎಲ್ಲವೂ ಇಲ್ಲಿ ನಡೆದವು. ಮುಂಬಯಿ ಸಿಟಿ ಎಫ್‌ಸಿ ಮೊದಲ ಎರಡು ಋತು ಇದನ್ನೇ ತವರು ಮಾಡಿಕೊಂಡಿತ್ತು. 2014ರ ಅಕ್ಟೋಬರ್‌ನಲ್ಲಿ ಪುಣೆಯ ಮೇಲೆ 5-0 ಗೆಲುವು ಬಂದದ್ದು, ಆಂದ್ರೆ ಮೊರಿಟ್ಜ್ ಆ ಲೀಗಿನ ಮೊದಲ ಹ್ಯಾಟ್ರಿಕ್ ಹೊಡೆದದ್ದು ಈ ಹುಲ್ಲಿನ ಮೇಲೆ. 2016ರಲ್ಲಿ ತಂಡ ಅಂಧೇರಿಗೆ ಹೋಯಿತು. ಅದನ್ನು ತಡೆಯುವ, ಕನಿಷ್ಠ ಕಾರಣ ಕೇಳುವ ಅಧಿಕಾರ ನೆರೂಲ್, ವಾಶಿ, ಐರೋಲಿಯ ಪ್ರೇಕ್ಷಕನಿಗೆ ಇರಲಿಲ್ಲ. ಜಗತ್ತಿನ ಪಂದ್ಯಗಳು ಬಂದುಹೋದವು, ಊರಿನ ಹೆಸರು ಹೊತ್ತು ಅಗ್ರ ಲೀಗಿನಲ್ಲಿ ಆಡುವ ತಂಡ ಮಾತ್ರ ಹುಟ್ಟಲಿಲ್ಲ.

ಮುಂಬಯಿ ಎಫ್‌ಸಿಯ ಪಾಡು ಇನ್ನೂ ಕಷ್ಟದ್ದು. ಕೂಪರೇಜ್ ಮೈದಾನ ದುರಸ್ತಿಯಲ್ಲಿದ್ದಾಗ ಅದು ‘ತವರಿನ’ ಪಂದ್ಯಗಳನ್ನು ಪುಣೆಯ ಬಾಲೇವಾಡಿಯಲ್ಲಿ ಆಡಿತು. ಡೊಂಬಿವಲಿಯ ಅಭಿಮಾನಿ ತನ್ನ ಮಹಾನಗರದ ತಂಡವನ್ನು ನೋಡಲು ಘಟ್ಟ ಹತ್ತಬೇಕಿತ್ತು. ಬೆಳಿಗ್ಗೆ ಫಾಸ್ಟ್ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿ ರಾತ್ರಿ ಮನೆ ಸೇರುವವನಿಗೆ ಅದು ಆಗುವ ಮಾತೇ? ನೋಡುವವರಿಲ್ಲದ ತಂಡಕ್ಕೆ ಪ್ರಾಯೋಜಕರು ಬರುವುದಿಲ್ಲ. ಪ್ರಾಯೋಜಕರಿಲ್ಲದ ತಂಡ ಮಾಲೀಕನ ಕಿಸೆಯನ್ನೇ ನೆಚ್ಚಬೇಕು. ಒಂದು ದಿನ ಆ ಕಿಸೆ ಮುಚ್ಚುತ್ತದೆ. ಅಂಕಪಟ್ಟಿಯಲ್ಲಿ ಕೊನೆಯ ಸ್ಥಾನ ಸಿಗುವುದಕ್ಕೆ ಎಷ್ಟೋ ಮೊದಲೇ ಮುಂಬಯಿ ಎಫ್‌ಸಿ ಊರಿನಿಂದ ದೂರವಾಗಿತ್ತು.

ನಷ್ಟದ ವ್ಯವಹಾರ ಮುಚ್ಚುವುದು ಸಹಜ, ಅಂಗಡಿ ಮುಚ್ಚಿದರೆ ಯಾರೂ ಅಳುವುದಿಲ್ಲ, ತಂಡಕ್ಕೇಕೆ ಬೇರೆ ನ್ಯಾಯ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗಂಭೀರವಾದದ್ದೇ. ಆದರೆ ತಂಡ ತನ್ನದಲ್ಲದ ಹಲವನ್ನು ಬಳಸಿಕೊಂಡು ಬೆಳೆಯುತ್ತದೆ. ಊರಿನ ಹೆಸರು ಮಾಲೀಕ ಕೊಂಡದ್ದಲ್ಲ. ಮೈದಾನ ಹೆಚ್ಚಿನ ಕಡೆ ಸಾರ್ವಜನಿಕರದ್ದು. ಎಲ್ಲಕ್ಕಿಂತ ಮಿಗಿಲಾಗಿ, ಹತ್ತು ವರ್ಷದ ಹುಡುಗನೊಬ್ಬ ಓದನ್ನು ಹಿಂದಕ್ಕೆ ಸರಿಸಿ ಇಪ್ಪತ್ತರವರೆಗೆ ಆಟಕ್ಕೆ ಕೊಡುವ ವರ್ಷಗಳಿಗೆ ಬೆಲೆ ಕಟ್ಟಲಾಗದು. ಹಿಂದೆ ಈ ವರ್ಷಗಳಿಗೆ ಒಂದು ಭರವಸೆ ಇತ್ತು. ಮುಂಬಯಿಯಲ್ಲಿ ಏರ್ ಇಂಡಿಯಾ, ರೈಲ್ವೆ, ಬ್ಯಾಂಕುಗಳು, ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ಮೊಣಕಾಲು ಮುರಿದರೂ, ಮೂವತ್ತೈದು ದಾಟಿದರೂ ಕೆಲಸ ಉಳಿಯುತ್ತಿತ್ತು. ವೃತ್ತಿಪರ ಯುಗ ಆ ನೌಕರಿಯ ಜಾಗದಲ್ಲಿ ಒಂದೆರಡು ವರ್ಷದ ಕರಾರುಪತ್ರವನ್ನು ಇಟ್ಟಿತು. ತಂಡ ಮುಚ್ಚಿದರೆ ಕರಾರಿನ ಹಿಂದೆ ಏನೂ ಇಲ್ಲ. ಹಿರಿಯ ಆಟಗಾರನಿಗೆ ಇನ್ನೊಂದು ತಂಡ ಸಿಗಬಹುದು. ಅದೇ ಕ್ಲಬ್ಬಿನ ಹದಿನೆಂಟರೊಳಗಿನವರ ತಂಡದಲ್ಲಿದ್ದ ಕಲ್ಯಾಣಿನ ಹುಡುಗ ಮಾತ್ರ ಸದ್ದಿಲ್ಲದೆ ಆಟ ಬಿಡುತ್ತಾನೆ. ಅವನ ಹೆಸರು ಯಾವ ದಾಖಲೆಗೂ ಸೇರುವುದಿಲ್ಲ.

ಎರಡನೆಯ ಆಕ್ಷೇಪ ಹಣದ್ದು. ಭಾರತದಂಥ ವಿಶಾಲ ದೇಶದಲ್ಲಿ ತಂಡ ನಡೆಸಲು ವಿಮಾನ, ಹೋಟೆಲು, ಸಂಬಳ ಸೇರಿ ಕೋಟಿಗಟ್ಟಲೆ ಬೇಕು, ಚಂದಾ ಎತ್ತಿ ಅದನ್ನು ತುಂಬಲಾಗದು ಎನ್ನುತ್ತಾರೆ. ನಿಜ. ಹಣವಂತರಿಲ್ಲದೆ ವೃತ್ತಿಪರ ಆಟ ನಡೆಯದು. ಆದರೆ ಹಣ ಕೊಡುವವನಿಗೆ ಕೊಲ್ಲುವ ಹಕ್ಕನ್ನೂ ಕೊಡಬೇಕೆಂದಿಲ್ಲ. 1889ರಲ್ಲಿ ಸ್ಥಾಪನೆಯಾದ ಮೋಹನ್ ಬಗಾನ್ 2020ರಲ್ಲಿ ದೊಡ್ಡ ಉದ್ಯಮಿಯ ಬಂಡವಾಳ ಒಪ್ಪಿಕೊಂಡು ‘ಎಟಿಕೆ ಮೋಹನ್ ಬಗಾನ್’ ಆಯಿತು. ಹಳೆಯ ಹೆಸರಿನ ಮುಂದೆ ಅಂಟಿದ ಆ ಮೂರಕ್ಷರವನ್ನು ಅಭಿಮಾನಿಗಳು ಒಪ್ಪಲಿಲ್ಲ, ಮೂರು ವರ್ಷ ಪಟ್ಟು ಹಿಡಿದರು. 2023ರಲ್ಲಿ ತಂಡ ಲೀಗ್ ಕಪ್ ಗೆದ್ದ ಹೊತ್ತಿನಲ್ಲೇ ಮಾಲೀಕರು ಆ ಅಕ್ಷರಗಳನ್ನು ತೆಗೆಯುವುದಾಗಿ ಘೋಷಿಸಿದರು. ಹಣ ಉದ್ಯಮಿಯದು, ಹೆಸರು ಊರಿನದು ಎಂಬ ಒಪ್ಪಂದ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಜರ್ಮನಿಯಲ್ಲಿ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಬಳಿಯೇ ಇರಬೇಕೆಂಬುದು ನಿಯಮ. ಲಂಡನ್ನಿನ ವಿಂಬಲ್ಡನ್ ತಂಡವನ್ನು ಮಾಲೀಕರು ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳು ತಮ್ಮದೇ ತಂಡ ಕಟ್ಟಿದರು. ತಳದ ಲೀಗುಗಳಿಂದ ಆರಂಭಿಸಿದ ಅದು 2011ರಲ್ಲಿ ಇಂಗ್ಲೆಂಡಿನ ವೃತ್ತಿಪರ ಲೀಗಿಗೆ ಏರಿತು.

ಇಷ್ಟು ದೂರದ ಉದಾಹರಣೆ ಮುಂಬಯಿ ಕನ್ನಡಿಗರಿಗೆ ಬೇಕಾಗಿಯೂ ಇಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ನಡೆಸುತ್ತಿದೆ. ಥಾಣೆ, ಕಲ್ಯಾಣ್, ನವಿಮುಂಬಯಿಯಲ್ಲಿ ಇಂಥ ಸಂಘಗಳು, ಯಕ್ಷಗಾನ ಮಂಡಳಿಗಳು ಅನೇಕ. ಇವುಗಳಿಗೂ ದೊಡ್ಡ ದಾನಿಗಳಿದ್ದಾರೆ, ಹೋಟೆಲ್ ಉದ್ಯಮಿಗಳಿದ್ದಾರೆ, ವೇದಿಕೆಯ ಮೇಲೆ ಅವರಿಗೆ ಶಾಲು ಹೊದಿಸುವುದೂ ಉಂಟು. ಆದರೆ ಯಾವ ದಾನಿಯೂ ಒಂದು ಸಂಜೆ ಎದ್ದು ಸಂಘವನ್ನು ಮುಚ್ಚಲಾರ. ಸದಸ್ಯರಿದ್ದಾರೆ, ವಾರ್ಷಿಕ ಮಹಾಸಭೆ ಇದೆ, ಲೆಕ್ಕಪತ್ರ ಓದಬೇಕು, ಪ್ರಶ್ನೆಗೆ ಉತ್ತರಿಸಬೇಕು. ಒಬ್ಬ ಅಧ್ಯಕ್ಷ ಬೇಸತ್ತರೆ ಇನ್ನೊಬ್ಬ ಬರುತ್ತಾನೆ. ಒಂದು ವರ್ಷ ನಾಟಕ ಸೋತರೆ ಮರುವರ್ಷ ಇನ್ನೊಂದು ಆಡುತ್ತಾರೆ. ಮಾಲೀಕನ ಸಂಸ್ಥೆಗೂ ಸದಸ್ಯರ ಸಂಸ್ಥೆಗೂ ಇರುವ ವ್ಯತ್ಯಾಸ ಇದೇ. ಊರುಬಿಟ್ಟು ಬಂದ ಜನ ನೂರು ವರ್ಷ ಸಂಸ್ಥೆ ಕಟ್ಟಿ ಉಳಿಸಬಲ್ಲರಾದರೆ ಊರಿನ ಜನ ತಂಡವನ್ನು ಉಳಿಸಲಾರರೇ?

ಉಳಿಸಲು ಮೂರು ಕೆಲಸ ಆಗಬೇಕು. ಮೊದಲನೆಯದು, ಊರಿನ ಹೆಸರು ಹೊತ್ತ ಪ್ರತಿ ತಂಡದಲ್ಲೂ ಸದಸ್ಯರ ಟ್ರಸ್ಟಿಗೆ ಒಂದು ಪಾಲು ಇರಬೇಕು. ಹೆಸರು, ಬಣ್ಣ, ತವರು ಮೈದಾನ, ವಿಸರ್ಜನೆ ಈ ನಾಲ್ಕು ವಿಷಯಗಳಲ್ಲಿ ಆ ಟ್ರಸ್ಟಿನ ಒಪ್ಪಿಗೆ ಕಡ್ಡಾಯವಾಗಬೇಕು. ಎರಡನೆಯದು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಪರವಾನಗಿ ಕೊಡುವಾಗ ಒಂದು ಋತುವಿನ ಸಂಬಳ ಮತ್ತು ಕಿರಿಯರ ತಂಡಗಳ ಒಂದು ವರ್ಷದ ಖರ್ಚನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸಿಕೊಳ್ಳಬೇಕು. ಮಾಲೀಕ ಹೊರಟರೂ ಆ ಹಣ ಆಟಗಾರನ ಕೈ ಹಿಡಿಯುತ್ತದೆ. ಇಂಥ ಠೇವಣಿ ಕೇಳಿದರೆ ಹೊಸಬರು ಬರಲಾರರು ಎನ್ನಬಹುದು. ಒಂದು ವರ್ಷದ ಖರ್ಚನ್ನೂ ಮುಂಗಡ ಇಡಲಾರದವರು ಊರಿನ ಹೆಸರು ತೆಗೆದುಕೊಳ್ಳದಿರುವುದೇ ಒಳ್ಳೆಯದು. ಮೂರನೆಯದು ಪಾಲಿಕೆಗಳ ಕೆಲಸ. ಥಾಣೆಯ ದಾದೋಜಿ ಕೊಂಡದೇವ್ ಕ್ರೀಡಾಂಗಣ, ಕಲ್ಯಾಣಿನ ಸುಭಾಷ್ ಮೈದಾನ, ಡೊಂಬಿವಲಿಯ ಸಾವಳಾರಾಮ್ ಮಹಾರಾಜ್ ಕ್ರೀಡಾ ಸಂಕುಲದಂಥ ಸಾರ್ವಜನಿಕ ಜಾಗಗಳಲ್ಲಿ ಫುಟ್‌ಬಾಲಿಗೆ ನಿಗದಿತ ದಿನ, ನಿಗದಿತ ಸಮಯ ಮೀಸಲಾಗಬೇಕು. ಮದುವೆ, ಮೇಳ, ಸಭೆಗಳ ನಡುವೆ ಉಳಿದ ಹೊತ್ತಿನಲ್ಲಿ ಆಡಿಕೊಳ್ಳಿ ಎಂದರೆ ಆಟ ಬೆಳೆಯದು.

ಇದು ಕೈಗೆಟುಕದ ಕನಸಲ್ಲ. ಇದೇ ಥಾಣೆ ಜಿಲ್ಲೆಯ ಅಂಬರನಾಥದ ಹೆಸರು ಹೊತ್ತ ಅಂಬರನಾಥ್ ಯುನೈಟೆಡ್ ಅಟ್ಲಾಂಟಾ ತಂಡ 2022-23ರಲ್ಲಿ ಐ-ಲೀಗಿನ ಎರಡನೇ ಡಿವಿಷನ್ ಆಡಿದೆ. ಕಾರ್ಖಾನೆಗಳ ಆ ಪುಟ್ಟ ಊರಿಗೆ ಆದದ್ದು ನೆರೆಯ ದೊಡ್ಡ ನಗರಗಳಿಗೆ ಆಗದಿರಲು ಕಾರಣವಿಲ್ಲ. ಉಳಿದ ತಂಡ ಒಂದು ದಿನ ಗೆಲ್ಲುವುದೂ ಉಂಟು: ಕರ್ನಾಟಕ ರಾಜ್ಯ ತಂಡ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಅರ್ಧ ಶತಮಾನ ಗೆಲ್ಲದಿದ್ದರೂ ಆ ತಂಡವನ್ನು ಯಾರೂ ಮುಚ್ಚಿರಲಿಲ್ಲ, ಏಕೆಂದರೆ ಅದು ಒಬ್ಬರ ಸೊತ್ತಾಗಿರಲಿಲ್ಲ.

ಆದ್ದರಿಂದ ಥಾಣೆಯಿಂದ ಕಲ್ಯಾಣಿನವರೆಗೆ, ಐರೋಲಿಯಿಂದ ಪನ್ವೇಲ್‌ವರೆಗೆ ಇರುವ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಬಡಾವಣೆಯ ಮೈದಾನದಲ್ಲಿ ಸ್ಥಳೀಯ ತಂಡವೊಂದು ಆಡುತ್ತಿದ್ದರೆ ಹೋಗಿ ನೋಡಿ. ಚೀಟಿ ಇದ್ದರೆ ದುಡ್ಡು ಕೊಟ್ಟು ಕೊಳ್ಳಿ. ಸದಸ್ಯತ್ವ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಆರಂಭಿಸಿ ಎಂದು ಒತ್ತಾಯಿಸಿ. ಸಂಘದ ಮಹಾಸಭೆಯಲ್ಲಿ ಲೆಕ್ಕ ಕೇಳುವ ಅದೇ ದನಿಯಲ್ಲಿ ಪಾಲಿಕೆಯ ಸದಸ್ಯರನ್ನು ಮೈದಾನದ ಬಗ್ಗೆ ಕೇಳಿ. ತಂಡ ಸೋತ ವರ್ಷವೂ ಚಂದಾ ಕಟ್ಟಿ. ಸೋತಾಗ ಉಳಿಸಿಕೊಂಡ ತಂಡವೇ ಊರಿನ ತಂಡ.