ಬೆನ್ನಿನ ಹುಣ್ಣು ತಕ್ದೀರ್ ಅಲ್ಲ

ದರೋಜಿಯಿಂದ ಬಳ್ಳಾರಿಯ ತೀವ್ರ ನಿಗಾ ಘಟಕಕ್ಕೆ ಒಯ್ದವರು ಬದುಕಿ ಮರಳಿದರೆ ನಾವು ಶುಕ್ರ್ ಹೇಳುತ್ತೇವೆ. ಬೆನ್ನಿನ ಕೆಳಗೆ ಹುಣ್ಣಾಗಿದ್ದರೆ ತಕ್ದೀರ್ ಎಂದು ಸುಮ್ಮನಾಗುತ್ತೇವೆ. ಅಲುಗದ ದೇಹದ ಭಾರಕ್ಕೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದಿದ್ದರೆ ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಇದರಲ್ಲಿ ಬಹುಪಾಲು ತಡೆಯಬಹುದಾದದ್ದು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಬೇಕು. ಅದಕ್ಕೆ ಯಂತ್ರಕ್ಕಿಂತ ಮೊದಲು ಬೇಕಾದುದು ಕೈಗಳು.

ದಾದಿಯರ ಹುದ್ದೆ ತುಂಬದೆ ಕಟ್ಟಡ ಉದ್ಘಾಟಿಸುವವರನ್ನು ನಮ್ಮಲ್ಲಿ ಯಾರು ಪ್ರಶ್ನಿಸಿದ್ದಾರೆ? ಇಯಾದತ್‌ಗೆಂದು ಹಣ್ಣಿನ ಚೀಲ ಹಿಡಿದು ಹೋಗಿ, ಗಾಜಿನಾಚೆಯಿಂದ ಇಣುಕಿ, ಊಟದ ಹೊತ್ತಿಗೆ ಮರಳುತ್ತೇವೆ. ಇಂದು ಎಷ್ಟು ಬಾರಿ ಮಗ್ಗುಲು ಬದಲಿಸಿದಿರಿ, ಬೆನ್ನು ಪರೀಕ್ಷಿಸಿದಿರಾ, ಒತ್ತಿದರೂ ಮಾಸದ ಕೆಂಪು ಕಂಡಿತೇ ಎಂದು ಕೇಳುವುದಿಲ್ಲ. ನಮ್ಮ ಕಂದು ಚರ್ಮದಲ್ಲಿ ಆ ಕೆಂಪು ಬೇಗ ಕಾಣುವುದೂ ಇಲ್ಲ; ಬಿಸಿಯೋ ಗಡಸೋ ಎಂದು ಮುಟ್ಟಿಯೇ ನೋಡಬೇಕು.