ಇಲ್ಲ ಅನ್ನಾಕ ಎಷ್ಟ ದಿನ ಬೇಕ್ರಿ?

1/5
ಇವತ್ತಿಗೆ 94 ದಿನ ಆತು.
ಬೆಂಗಳೂರಿನ ಒಂದು ಐಟಿ ಕಂಪನಿ, ಹೆಸರು ಬ್ಯಾಡ, ಮೂರು ರೌಂಡ್ ಇಂಟರ್‌ವ್ಯೂ ಮಾಡಿ "ಎರಡು ವಾರದಾಗ ತಿಳಸ್ತೀವಿ" ಅಂದಿತ್ತು. ಆ ಮಾತು ನಂಬಿ ಹುಬ್ಬಳ್ಳಿಯೊಳಗ ಸಿಕ್ಕಿದ್ದ 14 ಸಾವಿರದ ಕೆಲಸ ಬ್ಯಾಡಂದೆ. ಹುಬ್ಬಳ್ಳಿಯವ್ರು ಬ್ಯಾರೆಯವ್ರನ್ನ ತಗೊಂಡ್ರು. ಬೆಂಗಳೂರಿನವ್ರು ಇನ್ನೂ ಸುಮ್ನ ಅದಾರ.
ಫೋಟೋದಾಗ ಇರೂದು ನಮ್ಮ ಮುರಗೋಡ ಬಸ್ ಸ್ಟ್ಯಾಂಡು. ಮೂರನೇ ರೌಂಡಿಗೆ ಇಲ್ಲಿಂದ ಬೈಲಹೊಂಗಲ, ಅಲ್ಲಿಂದ ಧಾರವಾಡ, ಅಲ್ಲಿಂದ ರಾತ್ರಿ ಬಸ್ಸು. ಅಪ್ಪ ಕೊಟ್ಟ ರೊಕ್ಕ ಹೋಗಿ ಬರೂದರಾಗ ಮುಗೀತು. ಈಗ ಇಲ್ಲಿ ನಿಂತ್ರ ಎಲ್ಲಾರೂ ಕೇಳೂದು ಒಂದ: "ಏನಾತೋ ತಮ್ಮಾ, ಬೆಂಗಳೂರಿಂದು?"
ಇದು ಅಳೂ ಪೋಸ್ಟ್ ಅಲ್ಲ, ಜಗಳದ ಪೋಸ್ಟ್. ಪೂರ್ತಿ ಓದ್ರಿ.

2/5
ನನ್ನ ತಗೋಲಿಲ್ಲ ಅಂತ ಸಿಟ್ಟಿಲ್ಲ. ಕೆಲಸ ಕೊಡೂದು, ಬಿಡೂದು ಅವರ ಹಕ್ಕು. ಆದರೆ ಕರೆಸಿ, ಕೂಡ್ರಿಸಿ, ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳುವುದು ಯಾವ ಹಕ್ಕು?
"ಸಾವಿರಾರು ಅರ್ಜಿ ಬರ್ತಾವಲೇ, ಎಲ್ಲಾರಿಗೂ ಹೆಂಗ ಬರೀತಾರ?" ಅಂತ ನಮ್ಮ ಕ್ಲಾಸಿನವ್ರ ಕೇಳ್ತಾರ. ಅರ್ಜಿ ಹಾಕಿದ ಎರಡು ನಿಮಿಷಕ್ಕ "ನಿಮ್ಮ ಅರ್ಜಿ ತಲುಪಿದೆ" ಅಂತ ಮೇಲ್ ಬಂತಲ್ಲ, ಅದನ್ನ ಯಾರು ಕುಂತು ಬರದ್ರು? ಸಾಫ್ಟ್‌ವೇರ್! "ತಲುಪಿದೆ" ಅನ್ನಾಕ ಬರೂ ಸಾಫ್ಟ್‌ವೇರಿಗೆ "ಇಲ್ಲ" ಅನ್ನಾಕ ಬರೂದಿಲ್ಲೇನು? ಸಾಫ್ಟ್‌ವೇರ್ ಮಾಡೂದ ಅವರ ದಂಧೆ ಐತ್ರಿ.
ನನಗ ಕಾಣೂ ಕಾರಣ ಬ್ಯಾರೆ. ಆರಿಸಿದವ ಕೈಕೊಟ್ರ ಇರ್ಲಿ ಅಂತ ನಮ್ಮನ್ನ ಸ್ಟೆಪ್ನಿ ಟೈರ್ ಮಾಡಿ ಇಡ್ತಾರ.
ಅದೇ ನಾವು ಕೆಲಸ ಬಿಡಬೇಕಂದ್ರ? ದೊಡ್ಡ ಕಂಪನಿಗಳಲ್ಲಿ 90 ದಿನ ನೋಟಿಸ್ ಪೀರಿಯಡ್. ಅವರ ದಿನಕ್ಕ ಲೆಕ್ಕ ಐತಿ, ನಮ್ಮ ದಿನಕ್ಕ ಇಲ್ಲ.

3/5
ಆಫರ್ ಲೆಟರ್ ಕೈಗೆ ಬಂದ್ರೂ ಕಾಯೂದು ತಪ್ಪಿಲ್ಲ. ಇನ್ಫೋಸಿಸ್ ಆಫರ್ ಪಡೆದ 2022ರ ಬ್ಯಾಚಿನ ಸುಮಾರು 2,000 ಪದವೀಧರರನ್ನು ಎರಡು ವರ್ಷವಾದರೂ ಕೆಲಸಕ್ಕೆ ಸೇರಿಸಿಕೊಂಡಿಲ್ಲ ಎಂದು ಐಟಿ ನೌಕರರ ಸಂಘಟನೆ 'ನೈಟ್ಸ್' 2024ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಕೊಟ್ಟ ಆಫರ್ ಎಲ್ಲವನ್ನೂ ಪಾಲಿಸುತ್ತೇವೆ ಎಂದ ಕಂಪನಿ ಆಮೇಲೆ ಸೇರಿಸಿಕೊಳ್ಳತೊಡಗಿತು. 2025ರ ಫೆಬ್ರವರಿಯಲ್ಲಿ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೇನಿಗಳನ್ನು ಹೊರಗೆ ಕಳಿಸಿತು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿಯ ವಿವರಣೆ. ಅವರಲ್ಲಿ ಹಲವರು ವರ್ಷಗಟ್ಟಲೆ ಕಾದವರು.
ಪರೀಕ್ಷೆ ಮಾತು ಬಿಡ್ರಿ. ಕಾದ ಆ ವರ್ಷಗಳ ಖರ್ಚು ಹೊತ್ತವರು ಯಾರು? ಅವ್ವ, ಅಪ್ಪ.

4/5
ಈ ಫೋಟೋ ನಾಡಕಚೇರಿ. ಸರ್ಕಾರಿ ಆಫೀಸ್ ಅಂದ್ರ ಲೇಟ್ ಅಂತ ನಗ್ತೀವಿ. ಆದರೆ ಅಲ್ಲಿಗೂ 2011ರ ಸಕಾಲ ಕಾಯ್ದೆ ಐತಿ. ಗೊತ್ತುಪಡಿಸಿದ ದಿನದೊಳಗೆ ಸೇವೆ ಸಿಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ರೊಕ್ಕ ಸಣ್ಣದು, ಮಾತು ದೊಡ್ಡದು: ಕಾಯೂವನ ದಿನಕ್ಕೂ ಬೆಲೆ ಐತಿ.
ಖಾಸಗಿಯವ್ರಿಗೆ ಹೆಂಗ ಹೇಳಾಕ ಆಗ್ತೈತಿ ಅಂತೀರಾ? ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಹೊಸ ನಿಯಮ. 25 ಅಥವಾ ಹೆಚ್ಚು ನೌಕರರಿರುವ ಕಂಪನಿ, ಜಾಹೀರಾತು ಕೊಟ್ಟ ಹುದ್ದೆಗೆ ಇಂಟರ್‌ವ್ಯೂ ಮಾಡಿದರೆ, ನೇಮಕದ ನಿರ್ಧಾರ ಆಗಿದೆಯೋ ಇಲ್ಲವೋ ಎಂದು 45 ದಿನದೊಳಗೆ ಅಭ್ಯರ್ಥಿಗೆ ತಿಳಿಸಲೇಬೇಕು. ಐಟಿ ರಾಜಧಾನಿ ಅಂತ ಎದಿ ತಟ್ಟಿಕೊಳ್ಳೂ ಕರ್ನಾಟಕಕ್ಕ ಇಂಥದೊಂದು ನಿಯಮ ಮಾಡಾಕ ಏನ್ ಅಡ್ಡಿ?

5/5
ಅಲ್ಲಿತನಕ ನಾವು ಮಾಡೂದು ಇಷ್ಟು:
👉 ಇಂಟರ್‌ವ್ಯೂ ಮುಗಿದ ಕೂಡಲೆ "ಯಾವ ತಾರೀಖಿನೊಳಗ ತಿಳಸ್ತೀರಿ?" ಅಂತ ಕೇಳ್ರಿ. ಅದನ್ನ ಮೇಲ್‌ನಾಗೂ ಬರಸ್ಕೊಳ್ರಿ.
👉 ಬಾಯಿ ಮಾತು ನಂಬಿ ಕೈಯಾಗಿನ ಕೆಲಸ ಬಿಡಬ್ಯಾಡ್ರಿ. ನಾ ಬಿಟ್ಟೆ, ನೋಡ್ರಿ.
👉 ಕ್ಲಾಸ್ ಗ್ರೂಪಿನಾಗ ಒಂದು ಶೀಟ್ ಹಾಕ್ತೀನಿ. ಕಂಪನಿ, ಇಂಟರ್‌ವ್ಯೂ ತಾರೀಖು, ಉತ್ತರ ಬಂದ ತಾರೀಖು, ಮೂರ ಕಾಲಂ. ಉತ್ತರ ಕೊಟ್ಟವ್ರ ಹೆಸರೂ ಬರೀರಿ, ಅವರಿಗೆ ಮರ್ಯಾದಿ ಸಲ್ಲಬೇಕು.
👉 ನಾಳೆ ನಮ್ಮಾಗ ಯಾರರೆ ಎಚ್‌ಆರ್ ಆದ್ರ, ಆ ಒಂದು ಸಾಲಿನ ಮೇಲ್ ಕಳಿಸೂದು ಮರೀಬ್ಯಾಡ್ರಿ.
"ಇಲ್ಲ" ಅಂದ್ರ ಒಂದು ರಾತ್ರಿ ನಿದ್ದಿ ಹೋಗ್ತೈತಿ. ಏನೂ ಅನ್ನದಿದ್ರ 94 ರಾತ್ರಿ ಹೋಗ್ತಾವು.
ಕಮೆಂಟಿನಾಗ ಬರೇ ನಿಮ್ಮ ದಿನದ ಲೆಕ್ಕ ಹಾಕ್ರಿ. ನಂದು 94. ನಿಮ್ದು?

#ಮುರಗೋಡ #ಸವದತ್ತಿ #ಬೈಲಹೊಂಗಲ #ಐಟಿಕೆಲಸ #ಉತ್ತರಕೊಡ್ರಿ