ಮೂರನೇ ಹಂತ ಎಲ್ಲಿ ಸ್ವಾಮಿ?

ಕನ್ನಡದ ತರುಣರೇ,

ಬೆಂಗಳೂರಿನಲ್ಲಿ ನೀವು ಮುಖ ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು ಯಾವತ್ತಾದರೂ ಕೇಳಿದ್ದೀರಾ? ನಮ್ಮ ಕೋಲಾರಕ್ಕೆ! ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ನಮ್ಮ ಕೆರೆಗಳಿಗೆ ತುಂಬಿಸುವುದೇ ಕೆ.ಸಿ. ವ್ಯಾಲಿ ಯೋಜನೆ. 2018ರ ಜೂನ್‌ನಲ್ಲಿ ನೀರು ಬಂತು. ಜುಲೈನಲ್ಲಿ ನೊರೆ ಬಂತು, ಹೈಕೋರ್ಟ್ ತಡೆಯೂ ಬಂತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ. ಆಮೇಲೆ ಅದೂ ತೆರವಾಯಿತು.

ನೀರು ಬೇಡ ಎನ್ನುವವನಲ್ಲ ನಾನು. ಸಾವಿರ ಅಡಿ ಕೊರೆದರೂ ಧೂಳು ಏಳುವ ಸೀಮೆ ನಮ್ಮದು. ಲಕ್ಕೂರು ಹೋಬಳಿಯ ರೈತನ ಮುಂದೆ ನಿಂತು ಕೆರೆ ತುಂಬುವುದು ತಪ್ಪು ಎನ್ನಲು ನನಗೇನು ಹುಚ್ಚೇ? ಆದರೆ ನಾನು ಪ್ರೆಸ್ಸಿನವನು. ನಾಲ್ಕು ಬಣ್ಣದ ಪೋಸ್ಟರಿಗೆ ಎರಡೇ ಬಣ್ಣ ಹೊಡೆದು ಬಿಲ್ಲು ಕೊಟ್ಟರೆ ಗಿರಾಕಿ ಸುಮ್ಮನಿರುತ್ತಾನೆಯೇ?

ಎರಡನೇ ಹಂತ ಮುಗಿದ ನೀರು ಕಣ್ಣಿಗೆ ತಿಳಿ. ಒಳಗೆ ಸಾರಜನಕ, ರಂಜಕ, ರೋಗಾಣು ಉಳಿದಿರುತ್ತವೆ. ರಂಜಕ ಕೆರೆಯಲ್ಲಿ ಪಾಚಿ ಬೆಳೆಸುತ್ತದೆ. ಸಾರಜನಕ ನೈಟ್ರೇಟಾಗಿ ಬೋರ್‌ವೆಲ್‌ಗೆ ಇಳಿಯಬಲ್ಲದು. ಕುಡಿಯುವ ನೀರಿನ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮೀರಬಾರದೆಂದು ಭಾರತೀಯ ಮಾನಕವೇ ಹೇಳುತ್ತದೆ. ಹೆಚ್ಚಾದರೆ ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಯಾಗುತ್ತದೆ.

ಇದನ್ನು ಹಿಡಿಯುವ ಸಾಮಾನು ಚಂದ್ರಲೋಕದಿಂದ ಬರಬೇಕಿಲ್ಲ. ಮಾಲೂರಿನ ಹೆಂಚು, ಇಟ್ಟಿಗೆ ನೋಡಿದ್ದೀರಲ್ಲ? ಅದರ ಕೆಂಪು ಕಬ್ಬಿಣದ್ದು. ಕಬ್ಬಿಣಕ್ಕೆ ರಂಜಕ ಅಂಟಿಕೊಳ್ಳುತ್ತದೆ. ಅದಕ್ಕೇ ಇಟ್ಟಿಗೆ ಚೂರನ್ನು ಸೋಸುವ ಹಾಸಾಗಿ ಬಳಸಿ ನೋಡಿದ್ದಾರೆ. ನಮ್ಮ ಅಂತರ್ಜಲ ಹೀರಿತೆಂದು ಬೈಸಿಕೊಳ್ಳುವ ನೀಲಗಿರಿ ಇದೆಯಲ್ಲ, ಮರದ ಚಕ್ಕೆಗೂ ಒಂದು ಕೆಲಸವಿದೆ. ಚಕ್ಕೆ ತುಂಬಿದ ಗುಂಡಿಯಲ್ಲಿ ಗಾಳಿಯಾಡದಂತೆ ನೀರು ನಿಧಾನಕ್ಕೆ ಹರಿದರೆ, ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಮುರಿದು ಗಾಳಿಗೆ ಬಿಡುತ್ತವೆ. ಅಮೆರಿಕದ ಅಯೋವಾದಲ್ಲಿ ಮುಸುಕಿನ ಜೋಳದ ಹೊಲಗಳ ಬಸಿನೀರಿಗೆ ಇದನ್ನೇ ಮಾಡುತ್ತಾರೆ. ರೋಗಾಣುವಿಗೆ ಮರಳು ಸೋಸು, ಕ್ಲೋರಿನ್, ನೇರಳಾತೀತ ಬೆಳಕು ಇದ್ದೇ ಇವೆ. ಇಟ್ಟಿಗೆ ಚೂರು ರಂಜಕ ತುಂಬಿ ಸೋತರೆ ಬದಲಾಯಿಸಬೇಕು, ಚಕ್ಕೆ ಕೊಳೆತರೆ ಹೊಸದು ಹಾಕಬೇಕು. ಹಾಕಿ ಮರೆತುಬಿಡುವ ಕೆಲಸವಲ್ಲ.

ಒಂದು ಮಾತು. 44 ಕೋಟಿ ಲೀಟರನ್ನು ಇಟ್ಟಿಗೆ ಚೂರಿನಲ್ಲಿ ಸೋಸುತ್ತೇವೆಂದು ಯಾರಾದರೂ ಭಾಷಣ ಬಿಗಿದರೆ ನಂಬಬೇಡಿ. ಆ ಗಾತ್ರಕ್ಕೆ ಬೆಂಗಳೂರಿನ ಘಟಕದಲ್ಲೇ ಮೂರನೇ ಹಂತ ಬೇಕು, ಅದು ಸರ್ಕಾರದ ಹೊಣೆ. ಹಾಸು, ಗುಂಡಿ ಎಲ್ಲ ಕೆರೆಯ ಬಾಯಲ್ಲಿ ಕೂರುವ ಎರಡನೇ ಕಾವಲು.

ಮುಂದಿನ ಗ್ರಾಮಸಭೆಗೆ ಬನ್ನಿ. ನೈಟ್ರೇಟ್ ಎಷ್ಟು, ರಂಜಕ ಎಷ್ಟು, ಇ-ಕೋಲಿ ಎಷ್ಟು, ಕೆರೆವಾರು ವರದಿ ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೊಟ್ಟ ದಿನವೇ ಕರಪತ್ರ ಮಾಡಿ ಮನೆಮನೆಗೆ ಹಂಚೋಣ. ಕಾಗದ, ಮಸಿ ನನ್ನದು.